ಸಕಾಲಕ್ಕೆ ವಿಲೇವಾರಿ

ಕರ್ನಾಟಕದ 2011ರ ಸಕಾಲ ಕಾಯ್ದೆಯಂತೆ, ಸರ್ಕಾರಿ ಸೇವೆ ಗಡುವು ಮೀರಿದರೆ ಅರ್ಜಿದಾರನಿಗೆ ದಿನಕ್ಕೆ 20 ರೂಪಾಯಿ ಪರಿಹಾರ, ಗರಿಷ್ಠ 500. ಅಂದರೆ 25 ದಿನ ಕಳೆದ ಮೇಲಿನ ವಿಳಂಬ ಪುಕ್ಕಟೆ. ಆದರೆ ಗಡುವು ಮೀರಲೇಬೇಕೆಂದೇನಿಲ್ಲ. ಯಾವುದೋ ನಾಡಕಚೇರಿಯ ಕಿಟಕಿಯಲ್ಲಿ ಕಾಯ್ದೆಯ ಭಾಷ್ಯ ಹೀಗೆ ನಡೆಯುತ್ತದೆ:

“ಸ್ವಾಮಿ, ನನ್ನ ಆದಾಯ ಪ್ರಮಾಣಪತ್ರ ಏನಾಯ್ತು?”

“ವಿಲೇವಾರಿ ಆಯ್ತಲ್ಲ ಯಜಮಾನ್ರೇ, ಗಡುವಿನೊಳಗೇ.”

“ಹಂಗಾದ್ರೆ ಕೊಡಿ.”

“ಏನು ಕೊಡೋದು? ತಿರಸ್ಕಾರ ಆಗಿದೆ. ಅದೂ ವಿಲೇವಾರೀನೇ.”

“ಕಾರಣ?”

“ದಾಖಲೆ ಸಾಲದು.”

“ಯಾವ ದಾಖಲೆ?”

“ಹೊಸ ಅರ್ಜಿ ಹಾಕಿ, ಗೊತ್ತಾಗುತ್ತೆ.”

“ಮೇಲ್ಮನವಿ ಹಾಕ್ತೀನಿ!”

“ಧಾರಾಳವಾಗಿ. ಅದನ್ನ ನೋಡೋರು ನಮ್ಮ ಸಾಹೇಬ್ರೇ.”

ಯಜಮಾನರು ಹೊರಬಂದು ದಲ್ಲಾಳಿಯನ್ನು ಹುಡುಕುತ್ತಾರೆ. ಅವನಿಗೆ ಕಾಯ್ದೆಯಿಲ್ಲ, ಆದರೆ ಮಾತಿಗೆ ಬೆಲೆಯುಂಟು. ಬೆಲೆಯನ್ನು ಮೊದಲೇ ಹೇಳುತ್ತಾನೆ. ಕಡತದಲ್ಲಿ ಮಾತ್ರ ಅರ್ಜಿ ಸಕಾಲಕ್ಕೇ ಮುಗಿದಿದೆ. ನಿಜಕ್ಕೂ ತಡವಾದಾಗಲೂ ಆ 20 ರೂಪಾಯಿ ತಾನಾಗಿ ಬರುವುದಿಲ್ಲ. ಅದಕ್ಕೂ ಮೇಲ್ಮನವಿ ಸಲ್ಲಿಸಬೇಕು.