ಹುಬ್ಬಿನವರೆಗೆ ಬಂದ ಮೊಮ್ಮಗ

ದೂರವಾಣಿಯ ಸಂಕೇತಾಂಕಗಳನ್ನು ಊರೂರಿಗೆ ಹಂಚಿದ ಮಹನೀಯರು ಗೋಕಾಕಕ್ಕೆ 08332, ಹುಕ್ಕೇರಿಗೆ 08333, ಮೂಡಲಗಿಗೆ 08334 ಎಂದು ಮೂರನ್ನೂ ಒಂದೇ ಪಂಕ್ತಿಯಲ್ಲಿ ಎಲೆ ಹಾಕಿ ಕೂರಿಸಿದ್ದಾರಲ್ಲ, ಅವರ ಸಮದರ್ಶಿತ್ವವನ್ನು ನೆನೆದಾಗಲೆಲ್ಲ ನನ್ನ ತಲೆ ಗೌರವದಿಂದ ಬಾಗುತ್ತದೆ. ಮೂಡಲಗಿ ಇನ್ನೂ ಗೋಕಾಕ ತಾಲೂಕಿನ ಒಂದು ಊರಾಗಿದ್ದ ಕಾಲದಲ್ಲಿಯೇ, ಕಂದಾಯ ಇಲಾಖೆ ಅದಕ್ಕೆ ತಾಲೂಕಿನ ಪಟ್ಟ ಕಟ್ಟುವುದಕ್ಕೆ ಎಷ್ಟೋ ಮೊದಲು, ದೂರವಾಣಿಯವರು ಅದಕ್ಕೆ ಸ್ವಂತ ಅಂಕೆಯಿತ್ತು ಮನ್ನಿಸಿದ್ದರು. ನನ್ನ ಬಂಧುಬಳಗವೂ ಈ ಮೂರು ಅಂಕೆಗಳಲ್ಲಿಯೇ ಹರಡಿಕೊಂಡಿತ್ತು: ನಾನು ಗೋಕಾಕದ ಮಗ್ಗುಲಿನ ಹಳ್ಳಿಯಲ್ಲಿ, ಬೀಗರು ಹುಕ್ಕೇರಿಯಲ್ಲಿ, ತಂಗಿ ಮೂಡಲಗಿಯಲ್ಲಿ.

ನಮ್ಮೊಳಗೆ ಭೇದವೆಂಬುದು ತಲೆದೋರಿದ್ದು 2008ರಲ್ಲಿ. ಆ ವರ್ಷ ಬೀಗರ ಮನೆಗೂ ತಂಗಿಯ ಮನೆಗೂ ಬ್ರಾಡ್‌ಬ್ಯಾಂಡ್ ಬಂದಿತು. ನನ್ನ ಮನೆಗೆ ಬರಲಿಲ್ಲ. ಬೀಗರು ಸ್ವಭಾವತಃ ಸಾತ್ವಿಕರು. ತಮ್ಮ ಊರಿನ ಮಾತು ಬಂದಾಗ ಮಾತ್ರ ಆ ಸತ್ವಗುಣಕ್ಕೆ ತುಸು ರಜೋಗುಣದ ಒಗ್ಗರಣೆ ಬೀಳುತ್ತದೆ. “1969ರಾಗ ಸಹಕಾರಿ ಸಂಘ ಕಟ್ಟಿ ಕರೆಂಟ್ ತಾವ ಹಂಚಿಕೊಂಡ ಊರ್ರಿ ನಮ್ಮದು. ಇದೇನ ದೊಡ್ಡ ಮಾತು ಬೀಗರ?” ಎಂದು ಅವರು ನುಡಿದಾಗ ನಾನೂ ಸುಮ್ಮನಿರದೆ, 52 ಮೀಟರ್ ಎತ್ತರದಿಂದ ಧುಮುಕುವ ಘಟಪ್ರಭೆಯ ಬಲದಿಂದ ಹತ್ತೊಂಬತ್ತನೆಯ ಶತಮಾನದಲ್ಲಿಯೇ ಹತ್ತಿಯ ಗಿರಣಿಯನ್ನು ತಿರುಗಿಸಿದವರು ನಾವೆಂಬುದನ್ನು ಎತ್ತಿ ಆಡಿದೆ. ಅದೂ ಸಾಲದೆಂದು, ಸಿ-ಡಾಟ್ ಸಂಸ್ಥೆಯವರು ಸ್ವದೇಶದಲ್ಲಿಯೇ ರೂಪಿಸಿದ, ಹವಾನಿಯಂತ್ರಣದ ಉಪಚಾರವನ್ನು ಬೇಡದೆ ಹಳ್ಳಿಯ ಬಿಸಿಲು ಧೂಳಿನಲ್ಲಿಯೇ ದುಡಿಯಬಲ್ಲ ಗ್ರಾಮೀಣ ದೂರವಾಣಿ ವಿನಿಮಯ ಕೇಂದ್ರವನ್ನು 1986ರಲ್ಲಿ ಮೊತ್ತಮೊದಲು ನಿಲ್ಲಿಸಿದ್ದು ಕಿತ್ತೂರಿನಲ್ಲಿ ಎಂಬುದನ್ನೂ ಸೇರಿಸಿದೆ. ಕಿತ್ತೂರು ಗೋಕಾಕಕ್ಕೆ ಸೇರಿದ್ದಲ್ಲವೆಂಬ ಅಂಶವನ್ನು ಬೀಗರು ಸೌಜನ್ಯದಿಂದ ಕಡೆಗಣಿಸಿದರು. ಮರುದಿನ ನಾನು ಅರ್ಜಿ ಗುಜರಾಯಿಸಿದೆ.

ಸುದ್ದಿ ಊರಲ್ಲಿ ಹಬ್ಬಿತು. ಪಕ್ಕದ ಮನೆಯ ಆಯಿ ಬಾಗಿಲಿಗೆ ಬಂದು, “ಮಾಸ್ತರ, ನಿಮ್ಮ ಮನಿಗೆ ಬ್ಯಾಂಡ್ ಬರತೈತಂತ, ಲಗ್ನ ಯಾರದೋ ಯಪ್ಪಾ?” ಎಂದು ವಿಚಾರಿಸಿದಳು. ಲಗ್ನವಿಲ್ಲವೆಂದು ನಾನೆಷ್ಟು ವಿವರಿಸಿದರೂ, ಊಟಕ್ಕೆ ಹೇಳುವುದನ್ನು ತಪ್ಪಿಸಿಕೊಳ್ಳುತ್ತಿರುವೆನೆಂಬ ಸಂಶಯ ಆಕೆಯ ಮುಖದಿಂದ ಅಳಿಯಲಿಲ್ಲ.

ಲೈನ್‌ಮನ್ನರು ಬಂದರು, ಯಂತ್ರವನ್ನು ತಗುಲಿಸಿ ನೋಡಿ, ರೋಗಿಯ ನಾಡಿ ಹಿಡಿದ ವೈದ್ಯನಂತೆ ತಲೆಯಾಡಿಸಿದರು.

“ಲೈನ್ ಭಾಳ ದೂರ ಆತ್ರಿ ಮಾಸ್ತರ.”

“ದೂರ ಎಲ್ಲೈತ್ರಿ? ಎಕ್ಸ್‌ಚೇಂಜ್ ಎರಡ ಕಿಲೋಮೀಟರ್. ಚಕ್ಕಡಿ ಅರ್ಧಾ ತಾಸಿನಾಗ ಹೋಗತೈತಿ.”

“ಚಕ್ಕಡಿ ಸೀದಾ ಹೋಗತೈತ್ರಿ. ತಂತಿ ಸೀದಾ ಹೋಗೂದಿಲ್ಲ.”

ಅವರು ತಿಳಿಸಿದ ಶಾಸ್ತ್ರ ಹೀಗಿತ್ತು. ಮನುಷ್ಯರ ಮಾತಿಗೆ 3400 ಹರ್ಟ್ಸ್‌ವರೆಗಿನ ಕಂಪನ ದಾಟಿದರೆ ಸಾಕು. ಬ್ರಾಡ್‌ಬ್ಯಾಂಡ್ ಅದೇ ಜೋಡಿ ತಾಮ್ರದ ತಂತಿಯ ಮೇಲೆ, ಕಿವಿಗೆ ನಿಲುಕದ ಎತ್ತರದಲ್ಲಿ, ಹನ್ನೊಂದು ಲಕ್ಷ ಹರ್ಟ್ಸ್‌ವರೆಗೂ ಹಾರಾಡುತ್ತದೆ, ಮತ್ತು ಕಂಪನ ಏರಿದಷ್ಟೂ ಅದಕ್ಕೆ ಆಯಾಸ ಬೇಗ. ಮಾತೆಂಬುದು ಎಮ್ಮೆ, ಎಂಥ ರಾಡಿಯಲ್ಲಿಯೂ ಕಾಲೆತ್ತಿಟ್ಟು ಮನೆ ಸೇರುತ್ತದೆ. ಬ್ರಾಡ್‌ಬ್ಯಾಂಡ್ ಶರ್ಯತ್ತಿನ ಹೋರಿ. ಐದು ಕಿಲೋಮೀಟರಿನಾಚೆ ಅದು ನೊಗ ಕಳಚಿ ಮಲಗುವುದೇ ಸರಿ.

ಮರುದಿನ ಮುಂಜಾನೆ ನಾವಿಬ್ಬರೂ ತಂತಿಯ ಜಾಡು ಹಿಡಿದು ಹೊರಟೆವು. ನನ್ನ ಮನೆಯಿಂದ ಹೊರಟ ತಂತಿ ಎಕ್ಸ್‌ಚೇಂಜಿಗೆ ಬೆನ್ನು ತಿರುಗಿಸಿ ಮೊದಲು ಗೌಡರ ಹಿತ್ತಿಲಿಗೆ ಹೋಯಿತು, ಏಕೆಂದರೆ ಊರಲ್ಲಿ ಮೊದಲು ಫೋನು ತರಿಸಿದವರು ಅವರ ತಂದೆ. ಅಲ್ಲಿಂದ ಹಿಟ್ಟಿನ ಗಿರಣಿ, ಗಿರಣಿಯಿಂದ ಸೊಸೈಟಿ, ಸೊಸೈಟಿಯಿಂದ ಒಂದು ಕಾಲದಲ್ಲಿ ಅಡತಿ ವ್ಯಾಪಾರವಿದ್ದು ಈಗ ಬೀಗ ಜಡಿದಿರುವ ಒಂದು ಮನೆ; ಹೀಗೆ, ಯಾವ ಕಾಲಕ್ಕೆ ಯಾರು ದೊಡ್ಡವರಾಗಿದ್ದರೋ ಅವರೆಲ್ಲರ ಬಾಗಿಲಲ್ಲಿಯೂ ಕೈಮುಗಿದು, ನಮ್ಮೂರಿನ ಮೂವತ್ತು ವರ್ಷಗಳ ಪ್ರತಿಷ್ಠೆಯ ಇತಿಹಾಸವನ್ನು ಒಂದಕ್ಷರವೂ ಬಿಡದೆ ಬರೆದಿಟ್ಟ ಮೇಲೆಯೇ ಆ ತಂತಿ ಕೆರೆಯ ಏರಿ ಹತ್ತಿ ಎಕ್ಸ್‌ಚೇಂಜಿನ ಕಡೆ ಮುಖ ಮಾಡಿತ್ತು. ನಡುವೆ ಒಂದು ಕಡೆ ಅದರ ಮೇಲೆ ಧೋತರ ಒಣಗಿದ್ದವು. ಕಬ್ಬಿನ ಹೊಲಗಳ ಮಗ್ಗುಲಲ್ಲಂತೂ ಹೆಜ್ಜೆಗೊಂದು ಗಂಟು. ಕಾರ್ಖಾನೆಯ ಹಂಗಾಮು ಶುರುವಾಯಿತೆಂದರೆ ಗೋಪುರದಂತೆ ಕಬ್ಬು ಹೇರಿಕೊಂಡ ಟ್ರಾಲಿಗಳು ವರ್ಷಾವರಿ ಅದನ್ನು ಹರಿಯುತ್ತಿದ್ದವು, ಆಗ ಸಮೀಪದಲ್ಲಿದ್ದ ಯಾವನೋ ಪುಣ್ಯಾತ್ಮ ಹರಿದ ತುದಿಗಳನ್ನು ಹೊಸೆದು, ಗೊಬ್ಬರದ ಚೀಲದ ಚೂರನ್ನು ಸುತ್ತಿ, ಪರೋಪಕಾರದ ತೃಪ್ತಿಯಿಂದ ಮನೆಗೆ ಹೋಗುತ್ತಿದ್ದ. ಲೆಕ್ಕ ಹಾಕಿದರೆ ಎರಡು ಕಿಲೋಮೀಟರಿನ ದಾರಿಗೆ ತಂತಿ ನಾಲ್ಕೂವರೆ ಕಿಲೋಮೀಟರ್ ನಡೆದಿತ್ತು.

ಗಂಟು ಬಿಚ್ಚಿದಲ್ಲೆಲ್ಲ ಹಸಿರು ಕಿಲುಬು. ಈ ವಾರ್ತೆಯನ್ನು ಕೇಳಿದ ನನ್ನ ಪತ್ನಿ, ಹಂಡೆ ಬೆಳಗುವ ಅನುಭವದಿಂದ, “ಹುಣಸಿಹಣ್ಣ ಹಚ್ಚಿ ತಿಕ್ಕಬಾರದೇನ?” ಎಂದಳು. ಲೈನ್‌ಮನ್ನರು ನಕ್ಕರು, ರಸಾಯನಶಾಸ್ತ್ರದ ದೃಷ್ಟಿಯಿಂದ ಅದರಲ್ಲಿ ನಗುವಂಥದ್ದೇನಿದೆಯೆಂದು ನನಗೆ ಇಂದಿಗೂ ಹೊಳೆದಿಲ್ಲ. ಎರಡು ದಿನ ಶ್ರಮಿಸಿ ಅವರು ಗಂಟುಗಳನ್ನು ಕತ್ತರಿಸಿ ಹೊಸದಾಗಿ ಹೊಸೆದರು. ಅರ್ಧ ಕಿಲೋ ಕರದಂಟನ್ನು ಬಹಳ ಸಂಕೋಚದಿಂದ ಸ್ವೀಕರಿಸಿದರು.

ಪೆಟ್ಟಿಗೆಯ ಮೇಲಿನ ಹಸಿರು ದೀಪ ಮಿಣುಕಿ ಮಿಣುಕಿ ಕಡೆಗೊಮ್ಮೆ ಸ್ಥಿರವಾಯಿತು. ಸೆಕೆಂಡಿಗೆ 256 ಕಿಲೋಬಿಟ್ ಮುಟ್ಟಿದ್ದನ್ನು ಮಾತ್ರ ಬ್ರಾಡ್‌ಬ್ಯಾಂಡ್ ಎಂದು ಕರೆಯತಕ್ಕದ್ದೆಂದು 2004ರ ಸರಕಾರದ ನೀತಿ ಆಗ ವಿಧಿಸಿತ್ತು; ನಮ್ಮದು ಆಕಾಶ ಶುಭ್ರವಾಗಿದ್ದ ದಿನ ಆ ಅಂಕೆಯ ಬಾಗಿಲವರೆಗೆ ಹೋಗಿ ಇಣಿಕಿ ಬರುತ್ತಿತ್ತು. ಒಂದೇ ಒಂದು ಊನ: ಫೋನಿನ ಗಂಟೆ ಬಾರಿಸಿದೊಡನೆ, ಆ ಕರೆಯ ವಿದ್ಯುತ್ತಿನ ಧಕ್ಕೆಗೆ ಅಳಿದುಳಿದ ಸಡಿಲ ಗಂಟುಗಳೆಲ್ಲ ನಡುಗಿ, ದೀಪ ಆರಿಬಿಡುತ್ತಿತ್ತು.

ಶ್ರಾವಣದಲ್ಲಿ ಸೊಸೆ ಹುಕ್ಕೇರಿಯ ತವರುಮನೆಯಲ್ಲಿ ಗಂಡುಮಗುವನ್ನು ಹೆತ್ತಳು. ಹೊಳೆ ಬಂದು ಲೋಳಸೂರ ಸೇತುವೆಯ ಮೇಲೆ ನೀರು ಹರಿಯುತ್ತಿದ್ದುದರಿಂದ ನಾವು ಹೋಗಿ ನೋಡುವಂತಿರಲಿಲ್ಲ. ಬೀಗರು ಫೋಟೋ ಕಳಿಸಿದರು. ಆ ರಾತ್ರಿ ಮನೆಮಂದಿಯೆಲ್ಲ ಕಂಪ್ಯೂಟರಿನ ಮುಂದೆ, ಗರ್ಭಗುಡಿಯ ಪರದೆ ಸರಿಯುವುದನ್ನು ಕಾಯುವ ಭಕ್ತರಂತೆ ಕುಳಿತೆವು. ಚಿತ್ರ ಮೇಲಿನಿಂದ ಕೆಳಕ್ಕೆ ಒಂದೊಂದೇ ಎಳೆಯಾಗಿ ಇಳಿಯಿತು: ತೊಟ್ಟಿಲ ಹಗ್ಗ, ಕುಲಾವಿಯ ಗೊಂಡೆ, ಹಣೆ, ಹಣೆಯ ಮೇಲೆ ದೃಷ್ಟಿಬೊಟ್ಟು, ಹುಬ್ಬು...

ಗಂಟೆ ಬಾರಿಸಿತು. ಮೂಡಲಗಿಯ ತಂಗಿ. “ಅಣ್ಣಾ, ನೋಡಿದಿಯೇನ? ಮೂಗು ಥೇಟ್ ಅವರ ಮನಿಯವರದ ಐತಿ!”

ದೀಪ ಆರಿತು. ರಿಸೀವರ್ ಕೆಳಗಿಡಬಾರದೇ ಎಂದಳು ಪತ್ನಿ. ಬಾಣಂತಿಯ ಮನೆಯಿಂದ ಯಾವ ಗಳಿಗೆಗೆ ಏನು ಕರೆ ಬಂದೀತೋ ಎಂದು ನಾನೇ ಬೇಡವೆಂದೆ. ದೀಪ ಮತ್ತೆ ಹೊತ್ತಿತು. ಮತ್ತೆ ಹಗ್ಗ, ಗೊಂಡೆ, ಹಣೆ, ಬೊಟ್ಟು. ಎಡಹುಬ್ಬು ಪೂರ್ತಿಯಾಗಿ ಬಲಹುಬ್ಬು ಮುಗಿಯುತ್ತಿರುವಾಗ, ಬಾಣಂತಿಯ ಮನೆಯಿಂದ ಕರೆ ಬಂದಿತು.

“ಬಂತೇನ್ರಿ ಬೀಗರ ಫೋಟೋ? ಮೂಗ ನೋಡಿದ್ರೇನು? ಯಾರ ಮನಿತನದ್ದು, ನೀವ ಹೇಳ್ರಿ!”

ನಾನು ಪರದೆಯ ಕಡೆ ನೋಡಿದೆ. ಹುಬ್ಬಿನ ಕೆಳಗೆ ಬರೀ ಬೂದುಬಣ್ಣ.

“ಮೂಗಿಂದ ಆಮ್ಯಾಲ ಹೇಳತೇನ್ರಿ. ಹುಬ್ಬು ಮಾತ್ರ ಖಾತ್ರಿ ನಮ್ಮ ಮನಿತನದ್ದು.”

“ನಮ್ಮ ತವರಮನೀದು ಅಂತ ಹೇಳ್ರಿ” ಎಂದಳು ಹಿಂದಿನಿಂದ ನನ್ನ ಪತ್ನಿ.