ವಿದ್ಯುದ್ಗ್ರಂಥಾಂಗೀಕಾರ ಮೀಮಾಂಸೆ

ಪುಸ್ತಕವೆಂಬ ಪದಾರ್ಥವು ದ್ರವ್ಯವೋ ಗುಣವೋ ಎಂಬ ಸಂಶಯವು ನಮ್ಮ ಪೂರ್ವಿಕರನ್ನು ಬಾಧಿಸಿದಂತೆ ಕಾಣದು. 1894ರ ಕಿಟ್ಟೆಲ್ ನಿಘಂಟು ಕೈಜಾರಿ ಕಾಲ್ಬೆರಳ ಮೇಲೆ ಬಿದ್ದೊಡನೆ ಅದು ದ್ರವ್ಯವೇ ಎಂಬ ನಿರ್ಣಯವು ಪ್ರತ್ಯಕ್ಷ ಪ್ರಮಾಣದಿಂದಲೇ ಸಿದ್ಧಿಸುತ್ತಿತ್ತು. ವಿಶ್ವವಿದ್ಯಾನಿಲಯಗಳ ಗ್ರಂಥಾಲಯಗಳಲ್ಲಿ ಇ-ಬುಕ್ ಎಂದು ರೂಢವಾದ ವಿದ್ಯುದ್ಗ್ರಂಥವು ಅವತರಿಸಿದ ಬಳಿಕ ಈ ನಿಶ್ಚಯವು ಶಿಥಿಲವಾಯಿತಾದ ಕಾರಣ, ಸಮಿತಿ, ಉಪಸಮಿತಿ ಹಾಗೂ ಉಪಸಮಿತಿಯ ವರದಿಯನ್ನು ಪರಿಶೀಲಿಸುವ ಸಮಿತಿ ಇವು ಮೂರರಲ್ಲಿಯೂ ಕುಳಿತು ಚಹಾ ಸೇವಿಸಿದ ಅಧಿಕಾರದಿಂದ ಈ ಪ್ರಬಂಧವನ್ನು ವಿದ್ವಜ್ಜನರ ಮುಂದಿಡುತ್ತಿದ್ದೇನೆ.

ವಿದ್ಯುದ್ಗ್ರಂಥವು ಪಂಚವಿಧ. ಸೂಚಿಯಲ್ಲಿ ಕಂಡು, ಒತ್ತಿದರೆ ತೆರೆಯದಿರುವುದು ದೃಶ್ಯಾಲಭ್ಯ. ಕ್ಯಾಂಪಸ್ಸಿನ ಕಾಂಪೌಂಡಿನೊಳಗೆ ಮಾತ್ರ ಪ್ರಸನ್ನವಾಗಿ, ಗೇಟು ದಾಟಿದ ಓದುಗನನ್ನು ಅಪರಿಚಿತನೆಂದು ನಿರಾಕರಿಸುವುದು ಪ್ರಾಕಾರಬದ್ಧ. ಮೂರನೆಯದಾದ ಏಕಭೋಗ್ಯದ ಮಹಿಮೆಯಾದರೋ ಸವಿಸ್ತರ ವ್ಯಾಖ್ಯಾನಕ್ಕೆ ಅರ್ಹವಾದುದು: ಲಕ್ಷ ಜನರು ಏಕಕಾಲದಲ್ಲಿ ಓದಿದರೂ ಕಿವಿಮಡಿಯದ, ಹರಿಯದ, ಗೆದ್ದಲು ಮುಟ್ಟದ ವಸ್ತುವೊಂದನ್ನು ನಿರ್ಮಿಸಿ, ಬಳಿಕ ಒಬ್ಬನು ಓದುತ್ತಿರುವಾಗ ಮತ್ತೊಬ್ಬನು ಕಾದಿರಬೇಕೆಂಬ ಷರತ್ತನ್ನು ಹೇರಿ, ಕಾಗದದ ದಾರಿದ್ರ್ಯವನ್ನು ಯಂತ್ರಕ್ಕೂ ಕಲಿಸಿದ ಪ್ರತಿಭೆಗೆ ನಮೋ ನಮಃ. ನಾಲ್ಕನೆಯದು ಕ್ಷಯಿಷ್ಣು. 2011ರಲ್ಲಿ ಹಾರ್ಪರ್‌ಕಾಲಿನ್ಸ್ ಪ್ರಕಾಶನವು ಅಮೆರಿಕದ ಸಾರ್ವಜನಿಕ ಗ್ರಂಥಾಲಯಗಳಿಗೆ ಕೊಟ್ಟ ಇ-ಪುಸ್ತಕವು 26 ಸಲ ಎರವಲು ಹೋದೊಡನೆ ಆಯುಸ್ಸು ಮುಗಿಯತಕ್ಕದ್ದೆಂದು ವಿಧಿಸಿತು. ನಮ್ಮ ಗ್ರಂಥಾಲಯಗಳಲ್ಲಿ ನಾಲ್ಕು ಸಲ ರಟ್ಟು ಕಟ್ಟಿಸಿಕೊಂಡು ಇನ್ನೂ ದುಡಿಯುತ್ತಿರುವ ಪುಸ್ತಕಗಳು ಇದನ್ನು ಕೇಳಿ ನಗಬೇಕು. ಐದನೆಯ ಪ್ರಭೇದವು ಸಮಿತಿಯ ನಡಾವಳಿಯಲ್ಲಿದೆ. ಆ ಕಡತದ ಪಾಸ್‌ವರ್ಡ್ ಬಲ್ಲವರು ನಿವೃತ್ತರಾಗಿದ್ದಾರೆ.

ಇನ್ನು ಪೂರ್ವಪಕ್ಷ. ವಿದ್ಯುದ್ಗ್ರಂಥದಿಂದ ಸ್ಥಳ ಉಳಿಯುವುದು, ಧೂಳು ಕೂಡದು, ಮೌಲ್ಯಮಾಪನ ತಂಡವು ಬಂದಾಗ ‘ನಮ್ಮಲ್ಲಿ ಇಷ್ಟು ಸಹಸ್ರ ಗ್ರಂಥಗಳಿವೆ’ ಎಂದು ಗೋಡೆಯ ಮೇಲೆ ಬರೆಯಬಹುದು. ಇವೆಲ್ಲ ಸತ್ಯವೇ. ಹಾಸ್ಟೆಲು ಸಿಗದೆ ಹಳ್ಳಿಯಿಂದ ಬಸ್ಸಿನಲ್ಲಿ ಬಂದುಹೋಗುವ ಹುಡುಗಿಗೆ ರಾತ್ರಿ ಮೊಬೈಲಿನಲ್ಲಿ ತೆರೆಯುವ ಪುಸ್ತಕವನ್ನು, ಕಣ್ಣು ಕಾಣದ ವಿದ್ಯಾರ್ಥಿಗೆ ಓದಿಹೇಳಬಲ್ಲ ಪುಸ್ತಕವನ್ನು ಹಳಿಯುವವನು ಮೂಢ. ಆದರೆ ಆ ಹುಡುಗಿ ಕನ್ನಡ ಎಂ.ಎ. ಓದುವವಳಾದರೆ? ಅವಳಿಗೆ ಬೇಕಾದ ಛಂದಸ್ಸಿನ ಪುಸ್ತಕವು ಆ ಸಹಸ್ರದಲ್ಲಿಲ್ಲ. ಎಲ್ಲೋ ದೊರೆತ ಪಿಡಿಎಫ್ ಹಳೆಯ ಫಾಂಟಿನದಾಗಿದ್ದು, ಒಂದು ವಾಕ್ಯವನ್ನು ನಕಲಿಸಿ ಅಂಟಿಸಿದರೆ ಕನ್ನಡದ ಅಕ್ಷರಗಳ ಜಾಗದಲ್ಲಿ ರೋಮನ್ ಅಕ್ಷರಗಳ ಕಲಸುಮೇಲೋಗರ ಹೊರಬೀಳುತ್ತದೆ. ಹುಡುಕುಪೆಟ್ಟಿಗೆಯಲ್ಲಿ ‘ಷಟ್ಪದಿ’ ಎಂದು ಬರೆದರೆ ಫಲಿತಾಂಶ ಸೊನ್ನೆ. ಇಂಗ್ಲಿಷಿನ ಮೂಟೆಗೆ ವರ್ಷವರ್ಷವೂ ಹಣ ತೆರುವಾಗ ಈ ಹುಡುಗಿಯ ಹೆಸರನ್ನು ಯಾವ ಸಭೆಯಲ್ಲಿ ಯಾರು ಎತ್ತಿದರು? ಯಾರೂ ಎತ್ತಲಿಲ್ಲ. ‘ಸಂಪನ್ಮೂಲ ಸದ್ಬಳಕೆಯ ಸಮಗ್ರ ಪರಿಸರ’ ಎಂಬ ಪದಪುಂಜವನ್ನು ಎಲ್ಲರೂ ಎತ್ತಿದರು.

ಪುಸ್ತಕವಿರುವುದು ಬಳಕೆಗೆಂದು 1931ರಲ್ಲೇ ಸೂತ್ರ ಪ್ರಕಟಿಸಿ, ಕಡೆಗಾಲವನ್ನು ನಮ್ಮ ಬೆಂಗಳೂರಿನಲ್ಲಿ ಕಳೆದ ಗ್ರಂಥಾಲಯಶಾಸ್ತ್ರಜ್ಞ ರಂಗನಾಥನ್ ಅವರು ಗ್ರಂಥಾಲಯವನ್ನು ಬೆಳೆಯುವ ಜೀವಿಯೆಂದಿದ್ದರು. ಚಂದಾ ತಪ್ಪಿದ ಏಪ್ರಿಲ್ ಒಂದರಂದು ಒಂದೇ ರಾತ್ರಿಯಲ್ಲಿ ಕಪಾಟುಗಟ್ಟಲೆ ಕರಗುವ ಜೀವಿಯನ್ನು ಅವರು ಕಂಡಿರಲಿಲ್ಲ. ನಾವು ಕೊಂಡೆವೆಂದು ಹೇಳಿಕೊಳ್ಳುತ್ತಿರುವುದು ಬಾಡಿಗೆ. ಗ್ರಂಥಪಾಲಕನು ಪರರ ಮನೆಯ ಬಾಗಿಲು ಕಾಯುವವನು. 2009ರಲ್ಲಿ ಅಮೆಜಾನ್ ಸಂಸ್ಥೆಯು ಓದುಗರ ಕಿಂಡಲ್‌ಗಳೊಳಗಿಂದಲೇ ಆರ್ವೆಲ್ಲನ ಕಾದಂಬರಿಗಳ ಪ್ರತಿಗಳನ್ನು ಅಳಿಸಿಹಾಕಿತು, ಹಣವನ್ನೇನೋ ಹಿಂದಿರುಗಿಸಿತು. ನಮಗೆ ಅದೂ ಇಲ್ಲ.

ಸಿದ್ಧಾಂತ: ಲೆಕ್ಕಪರಿಶೋಧಕರು ಬಂದು ‘ಪುಸ್ತಕಗಳೆಲ್ಲಿ?’ ಎಂದು ಕೇಳಿದಾಗ ತೋರಿಸಲು, ಈವರೆಗಿನ ಚಂದಾ ರಸೀದಿಗಳನ್ನೆಲ್ಲ ಕಾಲಾನುಕ್ರಮದಲ್ಲಿ ಜೋಡಿಸಿ, ಕ್ಯಾಲಿಕೋ ರಟ್ಟು ಕಟ್ಟಿಸಿ, ಪರಿಗ್ರಹಣ ಸಂಖ್ಯೆ ಕೊಟ್ಟು ಕಪಾಟಿನಲ್ಲಿಡತಕ್ಕದ್ದು. ಅದನ್ನಾದರೂ ಒಬ್ಬನು ಓದುತ್ತಿರುವಾಗ ಇನ್ನೊಬ್ಬನು ಹೆಗಲ ಮೇಲಿಂದ ಇಣುಕಬಹುದು.