ನಿವೇಶನ ವರ್ಣನಂ: ಸೈಟ್ ಬ್ರೋಕರರ ಅಂತರ್ಜಾಲ ಕಾವ್ಯಮೀಮಾಂಸೆ

ಕನ್ನಡದಲ್ಲಿ ಮಹಾಕಾವ್ಯ ನಿಂತುಹೋಯಿತು ಎಂದು ವಿಚಾರ ಸಂಕಿರಣಗಳಲ್ಲಿ ಕೊರಗುವ ವಿದ್ವಾಂಸರು ಫೇಸ್‌ಬುಕ್ ಮಾರ್ಕೆಟ್‌ಪ್ಲೇಸ್ ತೆರೆದು ನೋಡುವುದಿಲ್ಲ. ಮಹಾಕಾವ್ಯದಲ್ಲಿ ಇರಬೇಕೆಂದು ದಂಡಿ 'ಕಾವ್ಯಾದರ್ಶ'ದಲ್ಲಿ ಎಣಿಸಿದ, ನಮ್ಮ ಹಳಗನ್ನಡ ಕವಿಗಳು ಶಿರಸಾ ವಹಿಸಿದ ಹದಿನೆಂಟು ವರ್ಣನೆಗಳು ಇವತ್ತು ಚಾಚೂ ತಪ್ಪದೆ ಪಾಲನೆಯಾಗುತ್ತಿರುವುದು ಒಂದೇ ಕಡೆ. ಅದು ದೇವನಹಳ್ಳಿ, ಹೊಸಕೋಟೆ, ಆನೇಕಲ್, ನೆಲಮಂಗಲ ಸುತ್ತಿನಲ್ಲಿ ಸೈಟು ಮಾರುವವರ ಪೋಸ್ಟುಗಳಲ್ಲಿ. ಈ ಪ್ರಬಂಧ ಅದನ್ನು ಸಾಧಾರವಾಗಿ ಸ್ಥಾಪಿಸುತ್ತದೆ. ಒಪ್ಪದವರು ಒಮ್ಮೆ ಸೈಟ್ ವಿಸಿಟ್‌ಗೆ ಹೋಗಿ ಬರಬಹುದು, ಪಿಕಪ್ ಡ್ರಾಪ್ ಫ್ರೀ.

ಮೊದಲನೆಯದು ನಗರವರ್ಣನೆ. ಒಂಬತ್ತನೆಯ ಶತಮಾನದ ಕವಿರಾಜಮಾರ್ಗ ಇಡೀ ಕನ್ನಡನಾಡನ್ನೇ ಎರಡು ನದಿಗಳ ನಡುವೆ ಅಡಗಿಸಿ ತೃಪ್ತಿಪಟ್ಟಿತು. ಬ್ರೋಕರನ ಬೆಂಗಳೂರಿಗೆ ಅಂಥ ಸಂಕೋಚವಿಲ್ಲ. ಅದು ಉತ್ತರಕ್ಕೆ ಗೌರಿಬಿದನೂರು, ಪೂರ್ವಕ್ಕೆ ಕೋಲಾರ, ಪಶ್ಚಿಮಕ್ಕೆ ತುಮಕೂರು ಮುಟ್ಟಿ, ಆಗ್ನೇಯದಲ್ಲಿ ತಮಿಳುನಾಡಿನ ಹೊಸೂರನ್ನೂ ಒಳಗೊಂಡು ನಿಂತಿದೆ. ರಾಮನಗರ ಜಿಲ್ಲೆಗೆ 2025ರಲ್ಲಿ ಸರ್ಕಾರ 'ಬೆಂಗಳೂರು ದಕ್ಷಿಣ' ಎಂದು ಹೆಸರಿಟ್ಟಾಗ ಪತ್ರಿಕೆಗಳಲ್ಲಿ ವಾದವಿವಾದ ನಡೆಯಿತು. ಬ್ರೋಕರರು ಮಾತ್ರ ತಣ್ಣಗಿದ್ದರು. ಅವರು ಹಾಗೆ ಕರೆಯಲು ಶುರುಮಾಡಿ ವರ್ಷಗಳೇ ಆಗಿದ್ದವು.

ಸಮುದ್ರವಿಲ್ಲದ ಊರಲ್ಲಿ ಸಮುದ್ರವರ್ಣನೆ ಹೇಗೆ ಎಂಬ ತೊಡಕನ್ನು 'ಲೇಕ್ ವ್ಯೂ' ಬಗೆಹರಿಸಿತು. ಅದರ ಮಾತು ಮುಂದೆ ಬರುತ್ತದೆ. ಪರ್ವತವೆಂದರೆ ನಂದಿಬೆಟ್ಟ, ಇನ್ನೂ ಪಾಯ ತೆಗೆಯದ ಮನೆಯ ಟೆರೇಸಿನಿಂದ ಅದು ನಿಚ್ಚಳವಾಗಿ ಕಾಣುತ್ತದೆ. ಸೂರ್ಯೋದಯ 'ಈಸ್ಟ್ ಫೇಸಿಂಗ್' ಎಂಬೆರಡೇ ಪದಗಳಲ್ಲಿ ಮುಗಿಯುತ್ತದೆ. ಪಂಪನಿಗೂ ಇಷ್ಟು ಮಿತವ್ಯಯ ಸಾಧ್ಯವಾಗಿರಲಿಲ್ಲ. ಉದ್ಯಾನಕ್ಕೆ ಲ್ಯಾಂಡ್‌ಸ್ಕೇಪ್ ಗಾರ್ಡನ್, ಜಲಕ್ರೀಡೆಗೆ ಸ್ವಿಮ್ಮಿಂಗ್ ಪೂಲ್, ಮಧುಪಾನಕ್ಕೆ ಕ್ಲಬ್ ಹೌಸ್, ವಿವಾಹಕ್ಕೆ ಪಾರ್ಟಿ ಹಾಲ್, ಕುಮಾರೋದಯಕ್ಕೆ ಐದು ನಿಮಿಷದ ದೂರದಲ್ಲಿ ಇಂಟರ್‌ನ್ಯಾಷನಲ್ ಸ್ಕೂಲ್. ಸುರತ ವರ್ಣನೆಯಲ್ಲಿ ಔಚಿತ್ಯ ಮೀರದೆ 'ಸ್ಪೇಷಿಯಸ್ ಮಾಸ್ಟರ್ ಬೆಡ್‌ರೂಮ್' ಎಂದು ಹೇಳಿ ನಿಲ್ಲಿಸುತ್ತಾರೆ. ವಿಪ್ರಲಂಭ, ಅಂದರೆ ವಿರಹ, ಪೋಸ್ಟಿನಲ್ಲಿ ಬರುವುದಿಲ್ಲ. ಟೋಕನ್ ಅಡ್ವಾನ್ಸ್ ಕೊಟ್ಟ ಮೇಲೆ ಈ ಕಡೆಯವರು ಫೋನ್ ಮಾಡುತ್ತಲೂ ಆ ಕಡೆಯವರು ಎತ್ತದೆಯೂ ಇರುವ ಕಾಲದಲ್ಲಿ ಅದು ತಾನಾಗಿ ಉಕ್ಕುತ್ತದೆ. ಯುದ್ಧಕ್ಕೆ ಓನರ್ಸ್ ಅಸೋಸಿಯೇಷನ್ ರಚನೆಯಾಗುವವರೆಗೆ ಕಾಯಬೇಕು.

ಈಗ ಒಂದು ಪಠ್ಯವನ್ನು ಹತ್ತಿರದಿಂದ ನೋಡೋಣ. ಶಾಸನತಜ್ಞರ ಕ್ರಮದಲ್ಲೇ ಹೇಳುವುದಾದರೆ, ದೊರೆತ ಸ್ಥಳ: ಅಪಾರ್ಟ್‌ಮೆಂಟಿನ ನೀರಿನ ಟ್ಯಾಂಕರ್ ಚರ್ಚೆಗೆಂದು ಮೀಸಲಾದ ವಾಟ್ಸಾಪ್ ಗುಂಪು. ಕಾಲ: ಬೆಳಗಿನ ಜಾವ, ಗುಡ್ ಮಾರ್ನಿಂಗ್ ಗುಲಾಬಿಗಳ ಸ್ತರದ ಕೆಳಗೆ. ಲಿಪಿ: ಅರ್ಧ ಕನ್ನಡ, ಅರ್ಧ ಎಮೋಜಿ. ಪಾಠ ಹೀಗಿದೆ:

"ಬೆಂಕಿ ಬೆಂಕಿ ಬೆಂಕಿ. ಏರ್‌ಪೋರ್ಟ್‌ಗೆ ಜಸ್ಟ್ 15 ನಿಮಿಷ. 30×40 ಈಸ್ಟ್ ಫೇಸಿಂಗ್. 100% ಕ್ಲಿಯರ್ ಟೈಟಲ್. ಇನ್ನು 2 ಸೈಟ್ ಮಾತ್ರ. ರೇಟ್‌ಗೆ ಕಾಲ್ ಮಾಡಿ. ಟೈಮ್ ಪಾಸ್ ಪಾರ್ಟಿಗಳು ದಯವಿಟ್ಟು ದೂರ ಇರಿ."

ಮೂರು ಸಲ ಅಗ್ನಿಯ ಸ್ಮರಣೆಯಿಂದ ಆರಂಭವಾಗುವುದು ವೈದಿಕ ಸಂಪ್ರದಾಯದ ಮುಂದುವರಿಕೆ, ವಿವರಣೆ ಬೇಡ. 'ಜಸ್ಟ್ 15 ನಿಮಿಷ' ಎಂಬಲ್ಲಿ ವ್ಯಾಖ್ಯಾನಕಾರರಿಗೆ ಒಮ್ಮತವಿಲ್ಲ. ರಾತ್ರಿ ಎರಡು ಗಂಟೆಗೆ, ಸಿಗ್ನಲ್‌ಗಳೆಲ್ಲ ಕಣ್ಣು ಮುಚ್ಚಿರುವಾಗ ಎಂದು ಒಂದು ಪಂಥ. ಟೋಲ್‌ಗೇಟ್ ದಾಟಿದ ಮೇಲಿನ ಲೆಕ್ಕ ಎಂದು ಇನ್ನೊಂದು. ವಿಮಾನ ನಿಲ್ದಾಣಕ್ಕೆ ಸೈಟಿನಿಂದ ಅಲ್ಲ, ಸೈಟಿಗೆ ವಿಮಾನದಿಂದ ಲೆಕ್ಕ ಹಾಕಬೇಕು, ದೇವನಹಳ್ಳಿಯಲ್ಲಿ ಇಳಿಯುವ ವಿಮಾನ 15 ನಿಮಿಷ ಮುಂಚೆ ಈ ಸೈಟಿನ ಮೇಲೆ ಹಾದುಹೋಗುತ್ತದೆ ಎಂಬುದು ಮೂರನೆಯ ಪಂಥ. ಚಿಂತಾಮಣಿ ಕಡೆಯ ಲೇಔಟುಗಳನ್ನು ಇದೊಂದೇ ಸಮರ್ಥವಾಗಿ ವಿವರಿಸುವುದರಿಂದ ನಮ್ಮ ಒಲವು ಆ ಕಡೆಗೆ.

'100% ಕ್ಲಿಯರ್ ಟೈಟಲ್' ಎಂಬಲ್ಲಿ ಪಠ್ಯ ಹೇಳದೇ ಬಿಟ್ಟದ್ದೇ ಮುಖ್ಯ. ಎ ಖಾತೆಯೋ ಬಿ ಖಾತೆಯೋ, ಕನ್ವರ್ಷನ್ ಆಗಿದೆಯೋ ಇಲ್ಲ ರೆವಿನ್ಯೂ ಸೈಟೋ, ಪಂಚಾಯಿತಿ ವ್ಯಾಪ್ತಿಯದಾದರೆ ಇ-ಸ್ವತ್ತಿನ ಫಾರಂ 9 ಮತ್ತು 11 ಇವೆಯೋ, ಇಸಿ ಎಷ್ಟು ವರ್ಷದ್ದು ಸಿಗುತ್ತದೆ, ಯಾವುದಕ್ಕೂ ಉತ್ತರವಿಲ್ಲ. ಆನಂದವರ್ಧನ ಇದ್ದಿದ್ದರೆ ಇದನ್ನು ಧ್ವನಿಯ ಶಿಖರವೆಂದು ಎದ್ದು ನಿಂತು ಹೊಗಳುತ್ತಿದ್ದ. ತಹಶೀಲ್ದಾರರ ಕಚೇರಿಯಲ್ಲಿ ಮಾತ್ರ ಧ್ವನಿಗೆ ಬೆಲೆಯಿಲ್ಲ. ಅವರು ಪಹಣಿ ಕೇಳುತ್ತಾರೆ.

'ಇನ್ನು 2 ಸೈಟ್ ಮಾತ್ರ' ಎಂಬುದು ಯುಗಾದಿಗೂ ಎರಡು, ದೀಪಾವಳಿಗೂ ಎರಡು. ಮಾರಿದರೂ ತೀರದ, ಅಕ್ಷಯಪಾತ್ರೆಯ ವಂಶದ ಸಂಖ್ಯೆ ಅದು. ಕೊನೆಯ ಸಾಲು ಶಾಪಾಶಯ. ನಮ್ಮ ದಾನಶಾಸನಗಳ ಕೊನೆಯಲ್ಲಿ, ಕೊಟ್ಟ ಭೂಮಿಯನ್ನು ಕಿತ್ತುಕೊಂಡವನು 60,000 ವರ್ಷ ಅಮೇಧ್ಯದಲ್ಲಿ ಹುಳುವಾಗಿ ಹುಟ್ಟುತ್ತಾನೆ ಎಂಬ ಎಚ್ಚರಿಕೆ ಇರುತ್ತಿತ್ತು. ಈಗ ಭೂಮಿ ಕಿತ್ತುಕೊಂಡವರ ಬಗ್ಗೆ ಯಾರೂ ಚಕಾರವೆತ್ತುವುದಿಲ್ಲ. ಶಾಪವೆಲ್ಲ ರೇಟು ಕೇಳಿ ಸುಮ್ಮನಾದವರ ಪಾಲಿಗೆ ಬಂದಿದೆ.

ಶಾಸನಗಳಿಗೂ ಕ್ರಯಪತ್ರಗಳಿಗೂ ಜೀವಾಳವಾದ ಚಕ್ಕುಬಂದಿಯನ್ನು ಅಂತರ್ಜಾಲ ಕವಿಗಳು ಕೈಬಿಟ್ಟಿದ್ದಾರೆ ಎಂಬ ಆಕ್ಷೇಪವಿದೆ. ಅದು ತಪ್ಪು. ಅವರು ಅದನ್ನು ಭವಿಷ್ಯತ್ ಕಾಲಕ್ಕೆ ವರ್ಗಾಯಿಸಿದ್ದಾರೆ, ಅಷ್ಟೇ. ಪೂರ್ವಕ್ಕೆ ಬರಲಿರುವ ಮೆಟ್ರೊ, ಪಶ್ಚಿಮಕ್ಕೆ ಬರಲಿರುವ ರಿಂಗ್ ರಸ್ತೆ, ಉತ್ತರಕ್ಕೆ ಬರಲಿರುವ ಐಟಿ ಪಾರ್ಕ್, ದಕ್ಷಿಣಕ್ಕೆ ಬರಲಿರುವ ಬಾಡಿಗೆದಾರರು. ಎರಡು ದಶಕ ಕಾಗದದ ಮೇಲೇ ಉಳಿದು, ಪೆರಿಫೆರಲ್ ರಿಂಗ್ ರೋಡ್ ಎಂಬ ಹೆಸರು ಬಿಟ್ಟು ಬೆಂಗಳೂರು ಬಿಸಿನೆಸ್ ಕಾರಿಡಾರ್ ಎಂಬ ಹೊಸ ಹೆಸರು ಹೊತ್ತ ರಸ್ತೆಯ ಪಕ್ಕದಲ್ಲಿ ಸೈಟು ಕೊಂಡವರ ಮಕ್ಕಳೇ ಈಗ ಸೈಟು ಹುಡುಕುತ್ತಿದ್ದಾರೆ.

ಇನ್ನು ಲೇಕ್ ವ್ಯೂ. ಅಲಂಕಾರಶಾಸ್ತ್ರದ ವಿದ್ಯಾರ್ಥಿಗೆ ಲಕ್ಷಣಾವೃತ್ತಿ ಕಲಿಸುವಾಗ ಮೊದಲು ಕೊಡುವ ಉದಾಹರಣೆ ಗಂಗೆಯಲ್ಲಿರುವ ಗೊಲ್ಲರ ಹಟ್ಟಿಯದು. ಹರಿಯುವ ನದಿಯಲ್ಲಿ ಹಟ್ಟಿ ಹೇಗಿದ್ದೀತು? ಆದ್ದರಿಂದ ವಾಚ್ಯಾರ್ಥಕ್ಕೆ ಬಾಧೆ ಬಂತು, 'ದಡದಲ್ಲಿ' ಎಂದು ಅರ್ಥ ಮಾಡಬೇಕು, ತಂಪು ಮತ್ತು ಪಾವಿತ್ರ್ಯ ವ್ಯಂಗ್ಯವಾಗಿ ಹೊಳೆಯುತ್ತವೆ. ಭರತಖಂಡದ ಮೊದಲ ವಾಟರ್‌ಫ್ರಂಟ್ ಜಾಹೀರಾತು ಇದೇ ಎಂಬುದು ಈ ಲೇಖಕನ ಮತ. ಬೆಂಗಳೂರಿನ ಬ್ರೋಕರ್ ಶಾಸ್ತ್ರಕ್ಕಿಂತ ಒಂದು ಹೆಜ್ಜೆ ಮುಂದೆ ಹೋಗಿದ್ದಾನೆ. ಅವನು ಕೆರೆಯ ದಡ ಎನ್ನುತ್ತಾನೆ, ಗಿರಾಕಿ ದಡ ಎಂದೇ ನಂಬುತ್ತಾನೆ, ಮಳೆ ಬಂದಾಗ 'ಕೆರೆಯಲ್ಲೇ' ಎಂಬ ಅರ್ಥ ಸಿದ್ಧಿಸುತ್ತದೆ. 2022ರ ಸೆಪ್ಟೆಂಬರ್ ಮಳೆಯಲ್ಲಿ ಯಮಲೂರು, ಸರ್ಜಾಪುರ ರಸ್ತೆಯ ಕೋಟಿಗಟ್ಟಲೆ ಬೆಲೆಯ ವಿಲ್ಲಾಗಳ ಜನ ಟ್ರ್ಯಾಕ್ಟರ್ ಹತ್ತಿ ಆಫೀಸಿಗೆ ಹೊರಟಾಗ ಇಡೀ ದೇಶ ಈ ಅರ್ಥಸಿದ್ಧಿಯನ್ನು ಟಿವಿಯಲ್ಲಿ ಕಂಡಿತು. ರಾಜಕಾಲುವೆಗೆ ಶಬ್ದಶಕ್ತಿ ತಿಳಿಯದು, ಇಳಿಜಾರು ತಿಳಿದಿದೆ. ನಿಂತ ಜಾಗದ ಸರ್ವೆ ನಂಬರ್ ಹೇಳುವ 'ದಿಶಾಂಕ್' ಎಂಬ ಸರ್ಕಾರಿ ಆ್ಯಪ್ ಒಂದಿದೆ. ರಸಭಂಗವಾಗುತ್ತದೆಂದು ಬ್ರೋಕರರು ಅದರ ಹೆಸರೆತ್ತುವುದಿಲ್ಲ.

ಪ್ರಮಾಣಗಳ ವಿಚಾರ. ಪ್ರತ್ಯಕ್ಷಕ್ಕೆ ಡ್ರೋನ್ ವಿಡಿಯೊ ಇದೆ. ಪಕ್ಕದ ಮೋರಿ ಹುಲ್ಲಿನ ಗೆರೆಯಾಗುವಷ್ಟು ಎತ್ತರಕ್ಕೆ ಅದು ಏರುತ್ತದೆ. ಒಳಾಂಗಣಕ್ಕೆ ವೈಡ್ ಆ್ಯಂಗಲ್ ಲೆನ್ಸ್. 10×10 ಕೋಣೆ ಅದರಲ್ಲಿ ಕಬಡ್ಡಿ ಅಂಕಣದ ಹಾಗೆ ಕಾಣುತ್ತದೆ. ಉಪಮಾನ ಪ್ರಮಾಣಕ್ಕೆ 'ಇದು ನೆಕ್ಸ್ಟ್ ವೈಟ್‌ಫೀಲ್ಡ್' ಎಂಬ ವಾಕ್ಯ ಸಾಕು. ಅದನ್ನು ಒಪ್ಪೋಣ. ಆದರೆ ಮೂಲ ವೈಟ್‌ಫೀಲ್ಡ್‌ಗೆ ಚಾಮರಾಜ ಒಡೆಯರ್ ಜಮೀನು ಕೊಟ್ಟದ್ದು 1882ರಲ್ಲಿ, ಆಂಗ್ಲೋ-ಇಂಡಿಯನ್ನರು ವ್ಯವಸಾಯ ಮಾಡಿಕೊಂಡಿರಲಿ ಎಂದು. ಅಲ್ಲಿಗೆ ಐಟಿ ಪಾರ್ಕ್ ಬಂದದ್ದು 1990ರ ದಶಕದಲ್ಲಿ. ಉಪಮಾನ ಪೂರ್ತಿ ಹೊಂದಬೇಕಾದರೆ ಗಿರಾಕಿ ಒಂದು ಶತಮಾನಕ್ಕೂ ಮಿಕ್ಕಿ ಇಎಂಐ ಕಟ್ಟಿಕೊಂಡು ಕಾಯಬೇಕು. ಅರ್ಥಾಪತ್ತಿಗೆ ಮೀಮಾಂಸಕರು ಕೊಡುವ ನಿದರ್ಶನ ದಪ್ಪಗಿರುವ ದೇವದತ್ತನದು: ಅವನು ಹಗಲು ಉಣ್ಣುವುದಿಲ್ಲ, ಆದರೂ ದಪ್ಪಗಿದ್ದಾನೆ, ಆದ್ದರಿಂದ ರಾತ್ರಿ ಉಣ್ಣುತ್ತಾನೆ. ನಮ್ಮ ದೇವದತ್ತ 'ಝೀರೋ ಬ್ರೋಕರೇಜ್' ಎಂದು ಬರೆದು ಇನ್ನೋವಾದಲ್ಲಿ ಬಂದು ಇಳಿಯುತ್ತಾನೆ. ಬಿಲ್ಡರ್ ಕೊಡುವ ಕಮಿಷನ್ ಸೈಟಿನ ರೇಟಿನೊಳಗೇ ಕೂತಿದೆ ಎಂಬುದನ್ನು ಬೇರೆ ಹೇಳಬೇಕೆ.

ವೆಬ್‌ಸೈಟ್ ಇಟ್ಟುಕೊಂಡ ಬ್ರೋಕರರದು ಬೇರೆಯೇ ಮಾರ್ಗ, ನಾಮಸಂಕೀರ್ತನ ಮಾರ್ಗ. ಬೆಂಗಳೂರು ಸೈಟ್, ಬೆಂಗಳೂರಿನಲ್ಲಿ ಸೈಟ್, ಬೆಂಗಳೂರಿಗೆ ಹತ್ತಿರದ ಸೈಟ್, ಬೆಂಗಳೂರು ಬೆಸ್ಟ್ ಸೈಟ್ ಎಂದು ಪುಟದ ತುದಿಯಲ್ಲಿ ಬಿಳಿ ಹಿನ್ನೆಲೆಗೆ ಬಿಳಿ ಅಕ್ಷರದಲ್ಲಿ ಸಹಸ್ರನಾಮ ಬರೆದಿಟ್ಟರೆ ಗೂಗಲ್ ಒಲಿಯುತ್ತದೆ ಎಂಬುದು ಹಳೆಯ ನಂಬಿಕೆ. ದಾಸರ ದೇವರು ಒಲಿದಾನು. ಗೂಗಲ್ ಇಂಥ ಜಪಕ್ಕೆ ಪುಟವನ್ನೇ ಕೆಳಗೆ ತಳ್ಳುತ್ತದೆ.

2016ರಲ್ಲಿ ಸಂಸತ್ತು ಈ ಕಾವ್ಯಕ್ಕೆ ಒಂದು ಲಕ್ಷಣಗ್ರಂಥ ಕೊಟ್ಟಿತು. ಅದರ ಹೆಸರು ರೇರಾ. ಕರ್ನಾಟಕದ ನಿಯಮಗಳು 2017ರಲ್ಲಿ ಬಂದವು. 500 ಚದರ ಮೀಟರ್ ಅಥವಾ 8 ಮನೆ ಮೀರಿದ ಯೋಜನೆಯನ್ನು ನೋಂದಾಯಿಸದೆ ಜಾಹೀರಾತು ಮಾಡುವಂತಿಲ್ಲ. ಜಾಹೀರಾತಿನಲ್ಲಿ ನೋಂದಣಿ ಸಂಖ್ಯೆ ಇರಬೇಕು. ಅಂಥ ಯೋಜನೆಯ ಸೈಟು ಮಾರಿಸುವ ಏಜೆಂಟೂ ನೋಂದಾಯಿಸಿಕೊಳ್ಳಬೇಕು. ತಪ್ಪಿದರೆ ದಿನಕ್ಕೆ 10,000 ರೂಪಾಯಿ ದಂಡ, ಆಸ್ತಿಯ ಬೆಲೆಯ ಶೇ 5ರವರೆಗೆ ಬೆಳೆಯುತ್ತದೆ. ಜಾಹೀರಾತಿನ ಸುಳ್ಳನ್ನು ನಂಬಿ ದುಡ್ಡು ಕೊಟ್ಟವರಿಗೆ ಪರಿಹಾರವೂ ಉಂಟು. ಹದಿನೆಂಟು ವರ್ಣನೆಗಳಿಗೆ ಎದುರಾಗಿ ಸ್ವಭಾವೋಕ್ತಿಯ ಏಕೈಕ ನೆಲೆ ಆ ನೋಂದಣಿ ಸಂಖ್ಯೆ. ಅದಕ್ಕೇ ಇರಬೇಕು, ಕವಿಗಳು ಅದನ್ನು ಸಾಸಿವೆಗಿಂತ ಸಣ್ಣ ಅಕ್ಷರದಲ್ಲಿ ಚೆಲ್ಲಿರುತ್ತಾರೆ. 'ಪ್ರೀ-ಲಾಂಚ್' ಎಂಬ ಪ್ರಕಾರದಲ್ಲಿ ಅಷ್ಟೂ ಇರುವುದಿಲ್ಲ. ಅದು ಬಾಯಿಂದ ಬಾಯಿಗೆ, ವಾಟ್ಸಾಪಿನಿಂದ ವಾಟ್ಸಾಪಿಗೆ ಹರಿಯುವ ಮೌಖಿಕ ಪರಂಪರೆ.

ಉಳಿದದ್ದು ದೂತಪ್ರಕರಣ. 99ಏಕರ್ಸ್, ಮ್ಯಾಜಿಕ್‌ಬ್ರಿಕ್ಸ್ ಕಾಲದಿಂದ ಈಚೆಗೆ ಮನುಷ್ಯನಿಗೆ 'ಲೀಡ್' ಎಂಬ ಹೊಸ ಜನ್ಮ ಸಿಕ್ಕಿದೆ. ಬ್ರೋಕರೇ ಬೇಡ ಎಂಬುದನ್ನು ಹೆಸರಾಗಿಸಿಕೊಂಡ ಕಂಪನಿಯೊಂದು 2014ರಲ್ಲಿ ಬೆಂಗಳೂರಲ್ಲೇ ಹುಟ್ಟಿತಾದರೂ ದೂತರ ಸಂಖ್ಯೆ ಕುಗ್ಗಿದಂತಿಲ್ಲ. ಎಲ್ಲೋ ಒಂದು ಕಡೆ ಫೋನ್ ನಂಬರ್ ತುಂಬಿ, ಬೆಲೆ ನೋಡಿ ಹೌಹಾರಿ, ಪುಟ ಮುಚ್ಚಿ ಕಾಫಿ ಲೋಟ ಕೈಗೆತ್ತಿಕೊಳ್ಳುವಷ್ಟರಲ್ಲಿ ಮೊದಲ ದೂತ ಬರುತ್ತಾನೆ.

"ಸರ್, ಸೈಟ್ ನೋಡ್ತಿದ್ರಂತೆ?"

"ಸುಮ್ನೆ ನೋಡಿದೆ ಅಷ್ಟೇ ಕಣಪ್ಪ."

"ಬಜೆಟ್ ಎಷ್ಟು ಸರ್?"

"ನಲವತ್ತು ಲಕ್ಷ."

"ಅರವತ್ತೈದಕ್ಕೆ ಒಂದು ಬೆಂಕಿ ಪ್ರಾಪರ್ಟಿ ಇದೆ ಸರ್. ಭಾನುವಾರ ಮೇಡಂನೂ ಕರ್ಕೊಂಡು ಬನ್ನಿ, ಡಿಸಿಷನ್ ಬೇಗ ಆಗುತ್ತೆ. ತಿಂಡಿ ನಮ್ದೇ."

ಕಾಳಿದಾಸನ ಮೇಘಕ್ಕೆ ಒಂದೇ ವಿಳಾಸವಿತ್ತು. ಒಂದು ಲೀಡ್ ಎಷ್ಟು ಕೈ ಬದಲಾಯಿಸುತ್ತದೆ ಎಂಬುದು ಮಾತ್ರ ಯಾವ ಲೆಕ್ಕಕ್ಕೂ ಸಿಗದು. ಡಲ್ಲಾಸಿನಲ್ಲಿರುವ ತಮ್ಮನಿಗಾಗಿ ವಿಚಾರಿಸಿದಿರೋ, ಅವನಿಗೂ ನಡುರಾತ್ರಿ ವಿಡಿಯೊ ಕಾಲ್ ಹೋಗುತ್ತದೆ; ಅಲ್ಲಿ ಕತ್ತಲು, ಇಲ್ಲಿ ಬಿಸಿಲಲ್ಲಿ ಜೆಸಿಬಿ.

ಕೊನೆಯ ವರ್ಣನೆ ನಾಯಕಾಭ್ಯುದಯ. ಇಲ್ಲಿ ನಾಯಕ ಯಾರು ಎಂಬ ಪ್ರಶ್ನೆ ಜಟಿಲವಾದುದು. ಕೊಳ್ಳುವವನೆಂದರೆ ಅವನ ಅಭ್ಯುದಯ ಎಲ್ಲೂ ಕಾಣುವುದಿಲ್ಲ. ಬಿಲ್ಡರ್ ಎಂದರೆ ಅವನು ರಂಗದ ಮೇಲೆ ಬರುವುದೇ ಇಲ್ಲ. ಮೊನ್ನೆಮೊನ್ನೆಯವರೆಗೆ ಆ ಜಾಗದಲ್ಲಿ ರಾಗಿ ಬೆಳೆಯುತ್ತಿದ್ದವನೆಂದರೆ, ಅವನ ಹೆಸರು ಹದಿನೆಂಟರಲ್ಲಿ ಯಾವ ವರ್ಣನೆಗೂ ಒದಗಿಲ್ಲ. 'ಓನರ್ ಡೈರೆಕ್ಟ್' ಎಂಬ ಪಾಠಾಂತರದಲ್ಲಿ ಒಮ್ಮೊಮ್ಮೆ ಸುಳಿಯುತ್ತಾನೆ, ಫೋನ್ ಮಾಡಿದರೆ ಎತ್ತುವವನು ಬೇರೆ ಯಾರೋ. ಹೀಗೆ ಎಲ್ಲರನ್ನೂ ನಿರಾಕರಿಸಿದ ಮೇಲೆ ಸಿದ್ಧಾಂತ ಒಂದೇ ಉಳಿಯುತ್ತದೆ, ಅದಕ್ಕೆ ಆಂತರಿಕ ಸಾಕ್ಷ್ಯವೂ ಇದೆ. ಪೋಸ್ಟರಿನ ಮುಕ್ಕಾಲು ಪಾಲು ನೀಲಿ ಬ್ಲೇಜರ್ ತೊಟ್ಟು, ಕೈ ಕಟ್ಟಿ, ದಿಗಂತ ನೋಡುತ್ತಾ ನಿಂತಿರುವುದು ಬ್ರೋಕರನೇ. ಸೈಟಿನ ಫೋಟೊ ಎಲ್ಲಿ ಎಂದು ಕೆಳಗೆ ಯಾರೋ ಕೇಳಿದ್ದಾರೆ. ಉತ್ತರವೂ ಇದೆ: "ನಂಬರ್ ಕಳಿಸಿ ಸರ್, ಕಾಲ್ ಮಾಡ್ತೀನಿ."